ಹಳೇ ಹತ್ತನ್ನು ಬಿಡದ ಮೇಡಂ

ಫೋನ್ ಎತ್ತಿದರೆ ಅವರು ಹಲೋ ಅನ್ನುತ್ತಿರಲಿಲ್ಲ. "ಮೊದ್ಲು ಕೈ ತೆಗೀರಿ, ಏನೂ ಮುಟ್ಟಬೇಡಿ" ಅನ್ನುತ್ತಿದ್ದರು. ಆ ಕಡೆ ಇರುವವರು ಗುಬ್ಬಿಯ ಕೊಬ್ಬರಿ ವ್ಯಾಪಾರಿಯೋ, ಕುಣಿಗಲ್ಲಿನ ಗೊಬ್ಬರದ ಅಂಗಡಿಯವರೋ, ನಾನೋ, ಯಾರೇ ಆಗಲಿ, ಅದೇ ಮಾತು. ಒಂದು ಸಲ ಅವರ ನಾದಿನಿ ಸಾರಿಗೆ ಏನು ಹಾಕಲಿ ಅಂತ ಕೇಳಲು ಫೋನ್ ಮಾಡಿ, ಈ ಮಾತು ಕೇಳಿಸಿಕೊಂಡು, "ಅತ್ತಿಗೆ, ನಾನಿನ್ನೂ ಬೇಳೆನೇ ತೊಳೆದಿಲ್ಲ" ಅಂದಳಂತೆ. ಅದನ್ನು ನಮಗೆ ಹೇಳುತ್ತಾ ಹೇಳುತ್ತಾ ತಾವೇ ಮೊದಲು ನಕ್ಕುಬಿಟ್ಟರು.

ಹೋದ ಕಾರ್ತೀಕದಲ್ಲಿ ಅವರು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ನಮ್ಮ ಆಫೀಸಿನಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆದದ್ದಿಲ್ಲ, ಮೇಡಂ ಅಂದರೆ ಅವರೇ. ಗಿರಾಕಿಗಳಲ್ಲಿ ಹೆಚ್ಚಿನವರು ಅವರ ಮುಖವನ್ನೇ ನೋಡಿರಲಿಲ್ಲ, ದನಿ ಮಾತ್ರ ಗೊತ್ತು. ಅವರೆಲ್ಲರ ಬಾಯಲ್ಲಿ ಮೇಡಂಗೆ ಇದ್ದ ಹೆಸರು "ಬ್ಯಾಡ ಅನ್ನೋ ಯಮ್ಮ".

ನಾನು ಒಂಬತ್ತನೇ ಕ್ಲಾಸಿನ ಅರ್ಧಕ್ಕೆ ಸ್ಕೂಲು ಬಿಟ್ಟವನು. ಅಂತರಸನಹಳ್ಳಿಯ ಒಂದು ಮೋಟರ್ ವೈಂಡಿಂಗ್ ಶಾಪಿನಲ್ಲಿ ಕೆಲಸ ಕಲಿತೆ, ಆಮೇಲೆ ಯುಪಿಎಸ್ಸು ಬ್ಯಾಟರಿ, ಆಮೇಲೆ ಕಂಪ್ಯೂಟರು. ಯಾರ ಶಿಫಾರಸಿನಿಂದಲೂ ಮೇಲೆ ಬಂದವನಲ್ಲ. ನಮ್ಮ ಕಂಪನಿ ಇರುವುದು ತುಮಕೂರಿನ ಮರಳೂರಿನಲ್ಲಿ, ಟೈಲ್ಸ್ ಅಂಗಡಿಯ ಮೇಲಿನ ಎರಡು ರೂಮುಗಳಲ್ಲಿ. ಅಕ್ಕಿ ಗಿರಣಿ, ಕೊಬ್ಬರಿ ಮಂಡಿ, ಎಣ್ಣೆ ಮಿಲ್ಲು, ಹಾಲಿನ ಡೈರಿ, ಇಂಥವಕ್ಕೆ ತೂಕ ಹಿಡಿದು ಬಿಲ್ಲು ಮಾಡುವ ಸಾಫ್ಟ್‌ವೇರು ನಮ್ಮದು. ಅದನ್ನು ಬರೆಯುವವರು ಒಳಗೆ ಕೂತಿರುತ್ತಾರೆ. ಬೈಕಿನಲ್ಲಿ ಹೋಗಿ ಕೂರಿಸಿ ಬರುವವನು ನಾನು. ನಾನು ಕೂರಿಸಿದ್ದು ನಿಲ್ಲುತ್ತದೆ. ಈ ಮಾತನ್ನು ಜಂಬದಿಂದಲೇ ಹೇಳುತ್ತೇನೆ.

ಮೇಡಂ ಕೆಲಸ ಏನು ಅಂತ ನನ್ನ ಹೆಂಡತಿ ಒಂದು ಸಲ ಕೇಳಿದ್ದಳು. ನಮ್ಮ ಸಾಫ್ಟ್‌ವೇರು ಮುಂದಿನ ಅಂಗಡಿ, ಡೇಟಾಬೇಸ್ ಸರ್ವರ್ ಅನ್ನೋದು ಹಿಂದಿನ ಗೋಡೌನು ಅಂದೆ. ಬಿಲ್ಲು, ತೂಕ, ಜನರ ಹೆಸರು ಎಲ್ಲ ಇರುವುದು ಆ ಗೋಡೌನಿನಲ್ಲಿ. ಅದನ್ನು ಕಟ್ಟುವವರು ನಾವಲ್ಲ, ಬೇರೆ ದೊಡ್ಡ ಕಂಪನಿ. ಅವರು ಆಗಾಗ ಹೊಸ ವರ್ಷನ್ ಬಿಡುತ್ತಾರೆ. ನಡುನಡುವೆ ಪ್ಯಾಚ್ ಅಂತ ರಿಪೇರಿ ಕಳಿಸುತ್ತಿರುತ್ತಾರೆ. ಯಾವ ವರ್ಷನ್ ಮೇಲೆ ನಮ್ಮ ಅಂಗಡಿ ಇಡಬಹುದು, ಯಾವ ಪ್ಯಾಚ್ ಒಪ್ಪಬಹುದು, ಯಾವುದು ಬೇಡ, ಅದನ್ನು ಹೇಳುವವರು ಮೇಡಂ.

"ಬೇಡ ಅನ್ನೋಕೆ ಸಂಬಳ ಕೊಡ್ತಾರಾ? ಹಂಗಾದ್ರೆ ನನ್ನೂ ಸೇರ್ಸು" ಅಂದಳು ನನ್ನ ಹೆಂಡತಿ.

ಮಾರನೇ ದಿನ ಮೇಡಂಗೆ ಹೇಳಿದೆ. "ಕರ್ಕೊಂಡ್ ಬನ್ನಿ ಮೇಸ್ತ್ರಿ, ನಂಗೂ ಒಂದಿನ ರಜ ಸಿಗುತ್ತೆ" ಅಂದರು. ನನ್ನನ್ನು ಅವರು ಕರೆಯುತ್ತಿದ್ದದ್ದು ಹಾಗೆ. ಮೊದಲ ಸಲ ಕರೆದಾಗ ಗೇಲಿ ಅಂದುಕೊಂಡು ಮುಖ ಗಂಟು ಹಾಕಿಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅವರ ಅಪ್ಪ ಗಾರೆ ಮೇಸ್ತ್ರಿ.

ಕೊತ್ತಗೆರೆಯಿಂದ ಕುಣಿಗಲ್ಲಿಗೆ ಒಂದು ಬಸ್ಸು, ಅಲ್ಲಿಂದ ತುಮಕೂರಿಗೆ ಇನ್ನೊಂದು. ಮೇಡಂ ದಿನಾ ಹೀಗೇ ಬರುತ್ತಿದ್ದರು. ಅವರ ಮನೆಯವರು ಊರಲ್ಲಿ ತೆಂಗಿನ ತೋಟ, ರಾಗಿ ಹೊಲ ನೋಡಿಕೊಂಡಿದ್ದರು. ಮೇಡಂ ಡಬ್ಬಿಯಲ್ಲಿ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಅವರ ಎದುರು ಕೂತು ಉಪ್ಪಿಟ್ಟು ತಿನ್ನುವವರಿಗೆ, "ಅದೇನ್ರೀ ಕಾಯಿಲೆ ಬಿದ್ದೋರ್ ಥರ" ಅಂತ ಅರ್ಧ ರೊಟ್ಟಿ ಮುರಿದು ಹಾಕುತ್ತಿದ್ದರು. ಬೇಡ ಅನ್ನುವ ಹಕ್ಕು ಅವರೊಬ್ಬರಿಗೇ ಇತ್ತು.

ಮೂಲೆಯಲ್ಲಿ ಒಂದು ಕಂಪ್ಯೂಟರ್ ಇತ್ತು. ಅದನ್ನು ನನ್ನ ಕೈಯಲ್ಲೇ ಕಟ್ಟಿಸಿದ್ದರು. ನಾನು ಒಳ್ಳೆಯ ಸಾಮಾನು ಹಾಕಲು ಹೋದರೆ ತಡೆದರು. "ಚೆನ್ನಾಗಿರೋದು ಬ್ಯಾಡ ಮೇಸ್ತ್ರಿ. ಗುಬ್ಬಿ ಮಂಡಿಯೊಳಗೆ ಹೆಂಗಿದೆಯೋ ಹಂಗೇ ಇರ್ಲಿ. ಧೂಳೂ ಒಂಚೂರು ಹಾಕಿ." ಹಳೇ ಡಿಸ್ಕು, ಕಡಿಮೆ ಮೆಮೊರಿ, ಸತ್ತ ಬ್ಯಾಟರಿಯ ಯುಪಿಎಸ್ಸು. ಅದಕ್ಕೆ ಗುಬ್ಬಿ ಮಿಷನ್ ಅಂತ ಹೆಸರಾಯಿತು. ಯಾವ ಪ್ಯಾಚ್ ಬಂದರೂ ಮೊದಲು ಅದರ ಮೇಲೆ. ಮೇಡಂ ಕೂತು ಸುಳ್ಳು ಬಿಲ್ಲುಗಳನ್ನು ಹೊಡೆಯುತ್ತಿದ್ದರು. ಆ ಬಿಲ್ಲುಗಳ ಮೇಲೆ ಅವರ ನೆಂಟರ ಹೆಸರು. "ಇವತ್ತು ನಮ್ಮತ್ತೆಗೆ ಒಂದು ಲಾರಿ ಕೊಬ್ಬರಿ ಮಾರಿದೀನಿ. ಮನೇಲಿ ಗೊತ್ತಾದ್ರೆ ಕಮಿಷನ್ ಕೇಳ್ತಾರೆ."

ಬಿಲ್ಲು ಹೊಡೆಯುತ್ತಾ ಹೊಡೆಯುತ್ತಾ ಇದ್ದಂತೆಯೇ ನನ್ನ ಕಡೆ ತಿರುಗದೆ, "ಎಳೀರಿ" ಅನ್ನುತ್ತಿದ್ದರು. ನಾನು ಗೋಡೆಯ ಪ್ಲಗ್ಗನ್ನು ಎಳೆದುಬಿಡುತ್ತಿದ್ದೆ. ಮಿಷನ್ ಪಟ್ಟನೆ ಸತ್ತುಹೋಗುತ್ತಿತ್ತು. ಮತ್ತೆ ಚಾಲೂ ಮಾಡಿದಾಗ, ಅರ್ಧಕ್ಕೆ ನಿಂತ ಬಿಲ್ಲು ಅರ್ಧ ಇರಬಾರದು. ಪೂರ್ತಿ ಇರಬೇಕು, ಇಲ್ಲವೇ ಪೂರ್ತಿ ಇರಬಾರದು. ನಮ್ಮ ಕಡೆ ಕರೆಂಟು ಹೇಳಿ ಹೋಗುವುದಿಲ್ಲವಲ್ಲ. ಈ ಪರೀಕ್ಷೆ ಯಾವ ಪುಸ್ತಕದಲ್ಲಿದೆಯೋ ನನಗೆ ಗೊತ್ತಿಲ್ಲ. ಹೊಸದಾಗಿ ಸೇರಿದ ಇಂಜಿನಿಯರೊಬ್ಬ ನಾನು ಪ್ಲಗ್ ಎಳೆದದ್ದು ನೋಡಿ ಕಿರುಚಿಬಿಟ್ಟಿದ್ದ. ಮೇಡಂ ಅವನಿಗೆ, "ನೀನು ಕಿರುಚಿದಂಗೆ ಅದು ಕಿರುಚಬಾರ್ದು ಕಣಪ್ಪ, ಅಷ್ಟೇ ನೋಡ್ತಿರೋದು" ಅಂದರು.

ಗೋಡೆಗೆ ಒಂದು ಬಿಳೀ ಬೋರ್ಡು. ಯಾವ ಯಾವ ವರ್ಷನ್‌ಗೆ ನಮ್ಮ ಸಪೋರ್ಟು ಇದೆ ಅನ್ನುವುದು ಅದರ ಮೇಲೆ. ಬರೆಯುವುದು ಮೇಡಂ ಒಬ್ಬರೇ. ಒಂದು ಸಲ ನಮ್ಮ ಓನರು ತಾವೇ ಹೋಗಿ ಆಗತಾನೇ ಬಂದ ವರ್ಷನ್ನಿನ ನಂಬರನ್ನು ಅಲ್ಲಿ ಬರೆದರು. ತುಮಕೂರಿನ ಒಬ್ಬ ದೊಡ್ಡ ಗಿರಣಿಯವರು ಆ ವರ್ಷನ್ ಹಾಕಿಸಿಕೊಂಡು ಕೂತಿದ್ದರು, ಓನರಿಗೆ ಆ ಗಿರಾಕಿ ಬೇಕಿತ್ತು. ಮೇಡಂ ಬಂದರು, ಬ್ಯಾಗು ಇಟ್ಟರು, ಅಂಗೈಯಲ್ಲಿ ಒರೆಸಿದರು.

"ಓಡ್ತಾ ಇದೆಯಲ್ಲಮ್ಮಾ, ನಾನೇ ಕಣ್ಣಾರೆ ನೋಡ್ದೆ" ಅಂದರು ಓನರು.

"ಓಡೋದನ್ನ ಯಾರ್ ಬೇಕಾದ್ರೂ ನೋಡ್ತಾರೆ ಸಾರ್. ಬಿದ್ರೆ ಎಬ್ಬಿಸೋಕೆ ನಮ್ಗೆ ಬರುತ್ತಾ? ಅದು ಬರೋವರ್ಗೂ ಇಲ್ಲಿ ಬರೆಯಂಗಿಲ್ಲ."

"ಎಷ್ಟು ದಿನ ಬೇಕು?"

"ಒಂದು ತಿಂಗಳ ಲೆಕ್ಕದ ಕ್ಲೋಸಿಂಗು ದಾಟ್ಲಿ."

ಓನರು ಬಾಗಿಲು ದಡಾರನೆ ಹಾಕಿಕೊಂಡು ಹೋದರು. ಮೇಡಂ ಅಂಗೈಗೆ ಹತ್ತಿದ ಮಸಿಯನ್ನು ನೋಡಿಕೊಂಡು, "ಬೆಳಗ್ಗೆ ಬೆಳಗ್ಗೆ ಮುಖಕ್ಕೆ ಬಳ್ಕೊಳೋ ಹಂಗಾಯ್ತು" ಅಂದರು. ಅವತ್ತು ಮಧ್ಯಾಹ್ನ ಓನರ ಟೇಬಲ್ಲಿಗೂ ಅರ್ಧ ರೊಟ್ಟಿ ಹೋಯಿತು.

ಎಲ್ಲದಕ್ಕೂ ಕಾಯುವವರಲ್ಲ ಅವರು. ಪ್ಯಾಚ್‌ಗಳಲ್ಲಿ ಎರಡು ಜಾತಿ ಅನ್ನುತ್ತಿದ್ದರು. ಹೊಸ ಸೌಕರ್ಯ ತರುವಂಥದಕ್ಕೆ ಎಷ್ಟಾದರೂ ಕಾಯಬಹುದು. ಹೊರಗಿನವರು ನುಗ್ಗುವ ತೂತು ಮುಚ್ಚುವಂಥದಕ್ಕೆ ಕಾಯಬಾರದು. ಅಂಥದು ಬಂದ ದಿನ ಬೆಳಗಿನಿಂದ ಗುಬ್ಬಿ ಮಿಷನ್ ಬಿಟ್ಟು ಏಳುತ್ತಲೇ ಇರಲಿಲ್ಲ. ಪ್ಲಗ್ ಎಳೆದೂ ಎಳೆದೂ ನನ್ನ ಕೈ ಸೋಲುತ್ತಿತ್ತು. ಕೊನೆಗೆ, "ಇದು ಹೊಸ ಬಾಗಿಲಲ್ಲ ಮೇಸ್ತ್ರಿ, ಇರೋ ಬಾಗ್ಲಿಗೆ ಚಿಲ್ಕ. ಹೊರಡಿ" ಅನ್ನುತ್ತಿದ್ದರು. ನಾನು ಹೊರಡುತ್ತಿದ್ದೆ. ಮಳೆಯಲ್ಲೂ ಹೋಗಿದ್ದೇನೆ, ಹಬ್ಬದ ದಿನವೂ ಹೋಗಿದ್ದೇನೆ.

ಮೊದಮೊದಲು ನನ್ನ ಕೈಲಿ ಇದ್ದದ್ದು ಬಟನ್ ಫೋನು, ಫೋಟೋ ತೆಗೆದು ಕಳಿಸುವಂತಿರಲಿಲ್ಲ. ಗುಬ್ಬಿಯ ಒಂದು ಮಂಡಿಯಲ್ಲಿ ಸಾಹುಕಾರರು ಯಾರನ್ನೂ ಕೇಳದೆ ಅಪ್‌ಡೇಟ್ ಒತ್ತಿಬಿಟ್ಟಿದ್ದರು, ತಕ್ಕಡಿ ಪಕ್ಕದ ಕಂಪ್ಯೂಟರು ಸರ್ವರ್ ಸಿಗದೆ ನಿಂತುಹೋಗಿತ್ತು. ಹೊರಗೆ ಮೂಟೆ ಹೊತ್ತವರು ಸಾಲಾಗಿ ನಿಂತಿದ್ದರು. ಮೇಡಂಗೆ ಫೋನ್ ಮಾಡಿದೆ. "ಪರದೆ ಮೇಲೆ ಏನ್ ಬಂದಿದೆ ಓದಿ" ಅಂದರು. ಇಂಗ್ಲಿಷಿನಲ್ಲಿ ಉದ್ದುದ್ದಕ್ಕೆ ಬಂದಿತ್ತು. ನಾನು ಸುಮ್ಮನಾದೆ. ಸುತ್ತ ಜನ, ಸಾಹುಕಾರರು ಬೇರೆ ನನ್ನ ಬಾಯನ್ನೇ ನೋಡುತ್ತಿದ್ದಾರೆ. ಆಮೇಲೆ, "ಪೂರ್ತಿ ಬೇಡ ಮೇಸ್ತ್ರಿ, ಟೈಮಿಲ್ಲ. ಕೊನೇ ಸಾಲಿನ ಅಕ್ಷರ ಅಂಕಿ ಅಷ್ಟೇ ಬಿಡಿಬಿಡಿಯಾಗಿ ಹೇಳಿ, ನಾನಿಲ್ಲಿ ಬರ್ಕೊತೀನಿ" ಅಂದರು. ಹೇಳಿದೆ. ಅಷ್ಟರಿಂದಲೇ ದಾರಿ ತೋರಿಸಿದರು, ತಕ್ಕಡಿ ಎದ್ದಿತು. ಅಂದಿನಿಂದ ಅವರು ಯಾರನ್ನೂ ಪೂರ್ತಿ ಓದಿ ಅಂತ ಕೇಳಲಿಲ್ಲ, ಇಂಜಿನಿಯರುಗಳನ್ನೂ ಕೇಳಲಿಲ್ಲ. ಎಲ್ಲರಿಗೂ ಕೊನೇ ಸಾಲೇ. ನನ್ನೊಬ್ಬನಿಗೆ ಮಾಡಿದ ಉಪಕಾರ ಅಂತ ನನಗೆ ಅನ್ನಿಸಬಾರದು ಅಂತ ಆಫೀಸಿಗೇ ಒಂದು ಪದ್ಧತಿ ಮಾಡಿಬಿಟ್ಟರು.

ಇನ್ನು ಹಳೇ ಹತ್ತರ ವಿಚಾರ. ಡೇಟಾಬೇಸಿನ ಹತ್ತನೇ ವರ್ಷನ್ನಿಗೆ ನಾವು ಹಾಗನ್ನುತ್ತಿದ್ದೆವು. ನಮ್ಮ ಮೊದಲ ಗಿರಾಕಿಗಳೆಲ್ಲ ಅದರ ಮೇಲೇ ಕೂತವರು. ಬಹಳ ಜನ ಆಮೇಲೆ ಹೊಸದಕ್ಕೆ ಹೋದರು. ಉಳಿದವರು ಬೆರಳೆಣಿಕೆ. ಗುಬ್ಬಿಯಲ್ಲೊಂದು ಎಣ್ಣೆ ಮಿಲ್ಲು, ಕುಣಿಗಲ್ಲಿನಲ್ಲೊಂದು ಗೊಬ್ಬರದಂಗಡಿ, ಆ ಕಡೆಯದೇ ಒಂದೆರಡು ಹಾಲಿನ ಡೈರಿ. ಅವರ ಕಂಪ್ಯೂಟರು ಹಳೆಯದು, ತಕ್ಕಡಿ ಹಳೆಯದು. ಹೊಸ ವರ್ಷನ್ ಆ ಮಿಷನ್ನುಗಳ ಮೇಲೆ ಕೂರುವುದೇ ಇಲ್ಲ. ಬದಲಾಯಿಸಿದರೆ ಎಲ್ಲವನ್ನೂ ಬದಲಾಯಿಸಬೇಕು.

ಹೀಗಿರುವಾಗ ಆ ದೊಡ್ಡ ಕಂಪನಿಯವರು ಹತ್ತಕ್ಕೆ ಇನ್ನು ಪ್ಯಾಚ್ ಕಳಿಸುವುದಿಲ್ಲ ಅಂದುಬಿಟ್ಟರು. ಓನರಿಗೆ ಅಷ್ಟೇ ಸಾಕಾಗಿತ್ತು.

"ಅಳಿಸಿಬಿಡಮ್ಮ ಅದನ್ನ. ಮಾಡಿದೋರೇ ಕೈಬಿಟ್ಟ ಮೇಲೆ ನಮ್ದೇನು?"

"ಅವ್ರು ಎಲ್ಲೋ ಇರೋರು ಸಾರ್. ನಾವು ಇಲ್ಲೇ ಇರೋರು. ಮಿಲ್ಲಿನ ಯಜಮಾನ್ರು ಬಸ್‌ಸ್ಟ್ಯಾಂಡಲ್ಲಿ ಸಿಕ್ರೆ ಮುಖ ಎಲ್ಲಿಟ್ಕೊಳ್ಳೋದು?"

"ನಿಮ್ಮ ಮುಖ ಅವ್ರು ನೋಡೇ ಇಲ್ವಲ್ಲ!"

"ನನ್ನ ದನಿ ಕೇಳಿದಾರಲ್ಲ. ನಾನಿರೋವರ್ಗೂ ಹತ್ತನ್ನ ನಾನು ನೋಡ್ಕೊಂತೀನಿ. ಅಳಿಸ್ಬೇಡಿ."

ಹಾಗಂತ ಕಣ್ಣುಮುಚ್ಚಿ ಒಪ್ಪಿದವರಲ್ಲ. ಹತ್ತು ಇರುವ ಮಿಷನ್ನಿಗೆ ಇಂಟರ್‌ನೆಟ್ ವೈರು ಹೋಗಬಾರದು, ಹೊರಗಿನ ಪೆನ್‌ಡ್ರೈವ್ ಹಾಕಬಾರದು, ದಿನಾ ಸಂಜೆ ಲೆಕ್ಕದ ಒಂದು ಕಾಪಿ ಬೇರೆ ಕಡೆ ಇಡಬೇಕು. ಇವನ್ನು ಮಾಡಿಸುವುದು ನನ್ನ ಕೆಲಸ. ಗುಬ್ಬಿಯ ಎಣ್ಣೆ ಮಿಲ್ಲಿನ ಯಜಮಾನರು ಎಪ್ಪತ್ತು ದಾಟಿದವರು, ಯಾರ ಮಾತನ್ನೂ ಕೇಳುವವರಲ್ಲ. ಆದರೆ ನಾನಿರೋವರ್ಗೂ ಹತ್ತನ್ನ ಬಿಡಲ್ಲ ಅಂತ ಮೇಡಂ ಫೋನಿನಲ್ಲಿ ಮಾತು ಕೊಟ್ಟ ಮೇಲೆ ಇದನ್ನು ಕೇಳಿದರು. ಇಂಟರ್‌ನೆಟ್ ವೈರು ಚುಚ್ಚುವ ತೂತಿಗೆ ತಾವೇ ಕಪ್ಪು ಟೇಪು ಸುತ್ತಿ, ಆಯುಧಪೂಜೆಯ ದಿನ ಅದರ ಮೇಲೂ ಕುಂಕುಮ ಇಟ್ಟಿದ್ದರು. "ಯಮ್ಮ ಬ್ಯಾಡ ಅಂದೈತೆ, ಯಾರಾದ್ರೂ ಕಿತ್ತೀರಾ ನೋಡಿ" ಅಂತ ಗಾಣದ ಹುಡುಗರಿಗೆಲ್ಲ ಬೆದರಿಕೆ ಬೇರೆ.

ಒಳಗಿನದನ್ನು ಮೇಡಂ ನೋಡಿಕೊಂಡರು. ಹತ್ತರಲ್ಲಿ ಲೆಕ್ಕ ಎಲ್ಲೋ ಹರಿದರೆ ಅದನ್ನು ಹೊಲಿಯುವುದು ಅವರಿಗೆ ಮಾತ್ರ ಬರುತ್ತಿತ್ತು. ಹೊಸಬರು ಯಾರೂ ಅದನ್ನು ಕಲಿಯಲಿಲ್ಲ. ಕಲಿತು ಏನು ಮಾಡುತ್ತಾರೆ, ಇನ್ನೊಂದು ಕಡೆ ಕೆಲಸ ಕೇಳಿದರೆ ಹಳೇ ಹತ್ತು ಬರುತ್ತೆ ಅಂದರೆ ನಗುತ್ತಾರೆ.

ಹೋದ ವರ್ಷ ಯುಗಾದಿಗೂ ಮುಂಚೆ ಅವರ ಡಬ್ಬಿಯ ರೊಟ್ಟಿ ಪೂರ್ತಿ ನಮಗೇ ಬರಲು ಶುರುವಾಯಿತು. "ಹೊಟ್ಟೆ ಸರಿಯಿಲ್ಲ, ತಿನ್ನಿ ನೀವು" ಅನ್ನುತ್ತಿದ್ದರು. ಕುರ್ಚಿಯಲ್ಲಿ ಕೂತಲ್ಲೇ ಪಕ್ಕೆಗೆ ಕೈ ಒತ್ತಿಕೊಳ್ಳುತ್ತಿದ್ದರು. ನಾನು ನೋಡಿಕೊಂಡು ಸುಮ್ಮನಿರುವವನಲ್ಲ, ಡಾಕ್ಟರಿಗೆ ತೋರಿಸಿ ಅಂತ ಎಲ್ಲರ ಮುಂದೆಯೇ ಕೂಗಾಡಿದೆ.

"ಮಾರ್ಚ್ ಕ್ಲೋಸಿಂಗ್ ದಾಟ್ಲಿ ಮೇಸ್ತ್ರಿ."

"ತೂತು ಮುಚ್ಚೋ ಪ್ಯಾಚ್‌ಗೆ ಕಾಯಬಾರ್ದು ಅಂತ ನೀವೇ ಅಲ್ವಾ ಮೇಡಂ ಹೇಳೋದು?"

"ಮನುಷ್ಯರು ಒಂಚೂರು ತಡ್ಕೊತಾರೆ ಬಿಡ್ರೀ" ಅಂದರು. ನಗು ತರಿಸಿಕೊಳ್ಳಲು ನೋಡಿದರು, ಆಗಲಿಲ್ಲ.

ಕ್ಲೋಸಿಂಗ್ ದಾಟಿತು. ಆಮೇಲೆ ತುಮಕೂರಿನಲ್ಲಿ ಸ್ಕ್ಯಾನಿಂಗು, ಅಲ್ಲಿಂದ ಬೆಂಗಳೂರಿಗೆ. ಮೊದಲೇ ತೋರಿಸಿದ್ದರೆ ಏನಾಗುತ್ತಿತ್ತು ಅಂತ ಡಾಕ್ಟರು ಹೇಳಲಿಲ್ಲ, ಅವರ ಮನೆಯವರು ಕೇಳಲೂ ಇಲ್ಲ. ನನಗೆ ಮಾತ್ರ ಆ ಮಾರ್ಚ್ ತಿಂಗಳ ಮೇಲೆ ಇವತ್ತಿಗೂ ಸಿಟ್ಟಿದೆ.

ಚಿಕಿತ್ಸೆ ನಡೆಯುವಾಗಲೂ ಹತ್ತನ್ನು ಬಿಡಲಿಲ್ಲ. ಕುಣಿಗಲ್ಲಿನ ಅಂಗಡಿಯಲ್ಲಿ ಒಮ್ಮೆ ಲೆಕ್ಕ ತೆರೆಯದೆ ನಿಂತಾಗ, ನಾನು ಅಲ್ಲಿಗೆ ಹೋಗಿ, ಮೇಡಂಗೆ ಮಾಡುವುದೋ ಬೇಡವೋ ಅಂತ ಫೋನ್ ಹಿಡಿದು ಕೂತಿದ್ದೆ. ಅಂಗಡಿಯವರೇ ನೇರವಾಗಿ ಮಾಡಿಬಿಟ್ಟಿದ್ದರು. ಮೇಡಂ ಕಡೆಯಿಂದಲೇ ನನಗೆ ಫೋನ್ ಬಂತು. "ಕೈ ತೆಗೀರಿ" ಅಂತ ಶುರುವಾಯಿತು. ದನಿ ತೆಳ್ಳಗಾಗಿತ್ತು. ಮಾತಿನ ನಡುವೆ ಎರಡು ಸಲ ನಿಂತು ಉಸಿರು ತೆಗೆದುಕೊಂಡರು. ಕೆಲಸ ಮುಗಿದ ಮೇಲೆ ಅಂಗಡಿಯವರು, "ಯಮ್ಮ ಯಾಕೋ ಬೈಲೇ ಇಲ್ಲ" ಅಂದರು.

ಆಯುಧಪೂಜೆ ಕಳೆದ ಮೇಲೆ ಒಂದು ಭಾನುವಾರ ಕೊತ್ತಗೆರೆಗೆ ಹೋದೆ. ಹಜಾರದ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ತಲೆಗೆ ಹತ್ತಿಯ ವಸ್ತ್ರ ಕಟ್ಟಿದ್ದರು. ನಾನು ಎಲ್ಲಿ ನೋಡಬೇಕೋ ಗೊತ್ತಾಗದೆ ಫ್ಯಾನು ನೋಡುತ್ತಾ ನಿಂತೆ.

"ಫ್ಯಾನ್ ಚೆನ್ನಾಗಿ ಓಡ್ತಿದೆ ಮೇಸ್ತ್ರಿ, ಕೂತ್ಕೊಳಿ" ಅಂದರು.

ಅವರ ಮನೆಯವರು ಕಾಫಿ ತಂದುಕೊಟ್ಟು ಬಾಗಿಲ ಹತ್ತಿರ ಕೂತರು. ಗುಬ್ಬಿ ಮಿಷನ್ ಹೇಗಿದೆ, ಹೊಸ ಇಂಜಿನಿಯರು ಪ್ಲಗ್ ಎಳೆಯುವುದು ಕಲಿತನಾ, ಓನರು ಬಿ.ಪಿ. ಮಾತ್ರೆ ತಗೋತಿದಾರಾ, ಎಲ್ಲ ಕೇಳಿದರು. ಎಲ್ಲದಕ್ಕೂ ಹೇಳಿದೆ. ಆಮೇಲೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಿದ್ದು, ತೆರೆದು, "ಮೇಸ್ತ್ರಿ, ಹತ್ತನ್ನ ಬಿಡೋಣ" ಅಂದರು.

ನನಗೆ ಅರ್ಥವಾಗಲಿಲ್ಲ. "ಏನಂದ್ರಿ?"

"ಹಳೇ ಹತ್ತು. ಬೋರ್ಡಿಂದ ಅಳಿಸೋಕೆ ಓನರಿಗೆ ಹೇಳಿ. ಯುಗಾದಿವರ್ಗೂ ಟೈಮ್ ಕೊಡಿ, ಅಷ್ಟ್ರೊಳಗೆ ಎಲ್ಲರನ್ನೂ ಹೊಸದಕ್ಕೆ ಸಾಗಿಸ್ಬಿಡಿ. ನೀವೇ ಹೋಗಿ ಹೇಳ್ಬೇಕು, ಫೋನಲ್ಲಿ ಬೇಡ."

ಸಿಟ್ಟು ಬಂತು. ಎರಡು ವರ್ಷ ಓನರ ಜೊತೆ ಜಗಳ ಆಡಿದ್ದು ಯಾಕೆ ಹಾಗಾದರೆ? ಬಿಸಿಲಲ್ಲಿ ಊರೂರು ತಿರುಗಿ ವೈರು ಕಿತ್ತು ಟೇಪು ಸುತ್ತಿಸಿದ್ದು ಯಾಕೆ? "ನಾನಿರೋವರ್ಗೂ ಬಿಡಲ್ಲ ಅಂದಿದ್ರಲ್ಲ ಮೇಡಂ" ಅಂತ ಜೋರಾಗಿಯೇ ಅಂದೆ.

ಬಾಗಿಲ ಹತ್ತಿರ ಕೂತಿದ್ದ ಅವರ ಮನೆಯವರು ಎದ್ದು ಹೊರಗೆ ಹೋದರು. ಅಂಗಳದಲ್ಲಿ ಏನೂ ಕೆಲಸವಿರಲಿಲ್ಲ ಅವರಿಗೆ, ಸುಮ್ಮನೆ ತೆಂಗಿನ ಗರಿ ಎಳೆದಾಡುವುದು ಕೇಳಿಸಿತು.

ಆಗ ನನಗೆ ಅವರು ಏನು ಹೇಳುತ್ತಿದ್ದಾರೆ ಅಂತ ತಿಳಿಯಿತು.

"ನಾನ್ ನೋಡ್ಕೊಂತೀನಿ ಹತ್ತನ್ನ" ಅಂದೆ.

"ಮಿಷನ್ನು ನೀವು ನೋಡ್ಕೊಂತೀರಿ, ನಂಗೊತ್ತು. ಒಳಗೆ ಲೆಕ್ಕ ಹರಿದ್ರೆ?" ತಡೆದು ತಡೆದು ಹೇಳಿದರು. "ಬೇಜಾರ್ ಮಾಡ್ಕೊಬೇಡಿ. ಜನ ಫೋನ್ ಮಾಡ್ತಾರೆ. ಎತ್ತೋರಿಲ್ದೆ ಇದ್ಮೇಲೆ ಸಪೋರ್ಟ್ ಇದೆ ಅಂತ ಬರ್ದಿಡೋದು ಸುಳ್ಳು ಮೇಸ್ತ್ರಿ. ಬೈಸ್ಕೊಳೋದು ನೀವಾಗ್ತೀರಿ. ಅದು ಬೇಡ."

ಬೇಡ ಅನ್ನುವುದನ್ನು ಅವರು ಅಷ್ಟು ಮೆತ್ತಗೆ ಹೇಳಿದ್ದು ನಾನು ಅದೊಂದೇ ಸಲ ಕೇಳಿದ್ದು. ಹೊರಡುವಾಗ, "ಮೊದ್ಲು ಗುಬ್ಬಿ ಯಜಮಾನ್ರಿಗೆ ಹೇಳಿ. ಅವರು ಕೂಗಾಡ್ತಾರೆ, ಕೂಗಾಡ್ಲಿ. ಎದ್ ಬರ್ಬೇಡಿ" ಅಂದರು.

ಸೋಮವಾರ ಓನರಿಗೆ ಹೇಳಿದೆ. ಕುಣಿಯುತ್ತಾರೆ ಅಂದುಕೊಂಡಿದ್ದೆ. "ಅವರೇ ಹೇಳಿದ್ರಾ?" ಅಂತ ಕೇಳಿ ಕುರ್ಚಿ ಮೇಲೆ ಕೂತುಬಿಟ್ಟರು. ಆಮೇಲೆ, "ಇನ್ನೊಂದು ವರ್ಷ ಇರ್ಲಿ ಬಿಡ್ರೀ ಅದು, ಏನ್ ಅನ್ನ ಕೇಳುತ್ತಾ" ಅಂದರು. ಬೇಡ ಸಾರ್, ಅವರು ಹೇಳಿದ್ದಾರೆ ಅಂತ ನಾನೇ ಅಂದು, ಬೈಕ್ ತೆಗೆದು ಗುಬ್ಬಿಗೆ ಹೊರಟೆ.

ಮಿಲ್ಲಿನ ಯಜಮಾನರು ಹಿಂಡಿ ಮೂಟೆಗಳ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ನನ್ನನ್ನು ನೋಡಿದ್ದೇ, "ಏನಪ್ಪ, ಕರೀದೆ ಬಂದಿದ್ದೀಯ ಇವತ್ತು?" ಅಂದರು. ಬೈಗುಳ ತಿನ್ನಲು ತಯಾರಾಗಿಯೇ ಹೋಗಿದ್ದೆ. ನಿಂತೇ ಹೇಳಿದೆ. ಹಳೇ ಹತ್ತಕ್ಕೆ ಯುಗಾದಿಯಿಂದಾಚೆ ಸಪೋರ್ಟು ಇರಲ್ಲ ಯಜಮಾನ್ರೇ, ಮಿಷನ್ನು ತಕ್ಕಡಿ ಬದಲಾಯಿಸಬೇಕಾಗುತ್ತೆ, ಕೂರಿಸಿಕೊಡೋದು ನನ್ನ ಜವಾಬ್ದಾರಿ ಅಂದೆ.

ಅವರು ಕೂಗಾಡಲಿಲ್ಲ. ಗಾಣ ನಿಲ್ಲಿಸಲು ಒಳಗೆ ಕೈಸನ್ನೆ ಮಾಡಿದರು. ಸದ್ದು ನಿಂತ ಮೇಲೆ ಕೇಳಿದರು.

"ಇದನ್ನ ಹೇಳಿದ್ದು ನಿಮ್ಮ ಓನರೋ, ಆ ಯಮ್ಮನೋ?"

"ಮೇಡಂ ಅವರೇ ಹೇಳಿದ್ದು."

ಯಜಮಾನರು ಹೆಗಲ ಮೇಲಿನ ಟವೆಲ್ ತೆಗೆದು ಮಡಿಲಲ್ಲಿಟ್ಟುಕೊಂಡರು. ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

"ಯಾವಾಗ ಹೋದ್ರಪ್ಪ?" ಅಂದರು.

"ಇಲ್ಲ ಯಜಮಾನ್ರೇ, ಇದಾರೆ" ಅಂದೆ.

ಅವತ್ತು ಇನ್ನೂ ಇದ್ದರು.